ಮರದ ಪೈಪು ನಮ್ಮಲ್ಲೇಕೆ ಹುಟ್ಟಲಿಲ್ಲ?

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಸುಮಾರು 60 ಕಿ.ಮೀ. ಹೋದರೆ ಚನ್ನಪಟ್ಟಣ. ಅಲ್ಲಿ ಮನೆಮನೆಯಲ್ಲೂ ಮರ ಕಡೆಯುವ ಕೈಗಳಿವೆ. ಮೈಸೂರು ದಾಟಿದರೆ ಹುಣಸೂರು, ಪಿರಿಯಾಪಟ್ಟಣ. ಅಲ್ಲಿ ಹೊಲದ ತುಂಬ ವರ್ಜೀನಿಯಾ ಹೊಗೆಸೊಪ್ಪು, ಹೊಲದ ಮೂಲೆಯಲ್ಲಿ ಸೊಪ್ಪು ಹದಮಾಡುವ ಬ್ಯಾರನ್ನು. ಇನ್ನಷ್ಟು ಮುಂದೆ ನಾಗರಹೊಳೆ ಸೀಮೆಯ ಕಾಡು. ಬೀಟೆ, ತೇಗ, ಹೊನ್ನೆ, ಮತ್ತಿ. ಮರ, ಮರ ಕಡೆಯುವವರು, ಹೊಗೆಸೊಪ್ಪು ಮೂರೂ ಒಂದೇ ದಾರಿಯಲ್ಲಿ ಸಾಲಾಗಿ ಕೂತಿವೆ. ಹಾಗಿದ್ದೂ ಈ ದಾರಿಯ ಯಾವ ಊರೂ ಮರದ ಪೈಪಿಗೆ ಹೆಸರಾಗಲಿಲ್ಲ. ಆ ಹೆಸರು ಹೋದದ್ದು ಫ್ರಾನ್ಸಿನ ಜೂರಾ ಬೆಟ್ಟಗಳ ನಡುವಿನ ಸ್ಯಾಂ-ಕ್ಲೋದ್ ಎಂಬ ಪುಟ್ಟ ಊರಿಗೆ. ತಮಾಷೆಯೆಂದರೆ, ಪೈಪಿಗೆ ಬೇಕಾದ ಮರ ಆ ಬೆಟ್ಟಗಳಲ್ಲಿ ಬೆಳೆಯುವುದೇ ಇಲ್ಲ.

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಸೇದುವ ಚಟದಿಂದಲ್ಲ. ನಾನು ಬೀಡಿಯನ್ನೂ ತುಟಿಗಿಟ್ಟವನಲ್ಲ. ಕಸುಬಿನಲ್ಲಿ ಪ್ಯಾಟರ್ನ್ ಮೇಕರ್. ಫೌಂಡ್ರಿಯಲ್ಲಿ ಎರಕ ಹೊಯ್ಯುವ ಮುಂಚೆ ಬೇಕಾಗುವ ಮರದ ಮಾದರಿ ಮಾಡುತ್ತಿದ್ದವನು. ನಿವೃತ್ತನಾದ ಮೇಲೆ ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿನ ಬದಲು ಒಂದು ಕೆಲಸದ ಮೇಜು, ವೈಸು, ಸಣ್ಣ ಲೇತು ಇಟ್ಟುಕೊಂಡಿದ್ದೇನೆ. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕವಾಡುವ ಹುಡುಗರು ಆಗಾಗ ಬಂದು ಕತ್ತಿ, ದಂಡ, ಊರುಗೋಲು ಅಂತ ಏನಾದರೂ ಮಾಡಿಸಿಕೊಂಡು ಹೋಗುತ್ತಾರೆ. ಒಮ್ಮೆ ಬ್ರಿಟಿಷ್ ಕಲೆಕ್ಟರನ ಪಾತ್ರಕ್ಕೆ ಪೈಪು ಬೇಕೆಂದರು.

"ಅಂಗಡೀಲಿ ಸಿಗೋದೆಲ್ಲ ಪ್ಲಾಸ್ಟಿಕ್ಕು ಅಂಕಲ್. ಮೂರನೇ ಸಾಲಲ್ಲಿ ಕೂತೋರಿಗೂ ಗೊತ್ತಾಗಿಬಿಡುತ್ತೆ."

ಹೊಗೆ ಬರಬೇಕಿರಲಿಲ್ಲ, ಮರದ್ದಾಗಿದ್ದರೆ ಸಾಕಿತ್ತು. ಹಿತ್ತಲಿನಲ್ಲಿ ಕಡಿದು ಒಣಹಾಕಿದ್ದ ಸೀಬೆ ಕೊಂಬೆಯಲ್ಲಿ ಮಾಡಿಕೊಟ್ಟೆ. ಚೆನ್ನಾಗಿಯೇ ಬಂತು. ಆದರೆ ನಿಜವಾದ ಪೈಪಿನಲ್ಲಿ ಕೆಂಡ ಕೂರುತ್ತದಲ್ಲ, ಮರ ಯಾಕೆ ಸುಟ್ಟುಹೋಗುವುದಿಲ್ಲ? ಮರದ ಜೊತೆ ಬದುಕು ಕಳೆದವನಿಗೆ ಇದು ಸುಮ್ಮನೆ ಬಿಡುವ ಪ್ರಶ್ನೆಯಲ್ಲ. ಹುಡುಕುತ್ತ ಹೋದರೆ ದಾರಿ ಮೊದಲು ನಮ್ಮ ವಿಜಯಪುರಕ್ಕೇ ತಿರುಗಿತು.

ಮೊಗಲರ ದರ್ಬಾರಿಗೆ ಹೊಗೆಸೊಪ್ಪು ಹೋದ ಕಥೆ ಸಿಗುವುದು ಅಸದ್ ಬೇಗ್ ಎಂಬ ಅಧಿಕಾರಿಯ ಬರಹದಲ್ಲಿ. ಅಕ್ಬರ್ ತನ್ನ ಮಗ ದಾನಿಯಾಲನಿಗೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಮಗಳನ್ನು ತಂದುಕೊಳ್ಳಲು ಬಯಸಿದ. ಆ ಸಂಬಂಧದ ಕೆಲಸಕ್ಕೆ 1603-04ರ ಸುಮಾರಿಗೆ ಅಸದ್ ಬೇಗ್ ವಿಜಯಪುರಕ್ಕೆ ಬಂದ. ಪೋರ್ಚುಗೀಸರ ಹಡಗುಗಳಲ್ಲಿ ಪಡುವಣ ಕರಾವಳಿಗೆ ಇಳಿದಿದ್ದ ಹೊಗೆಸೊಪ್ಪು ಅಷ್ಟು ಹೊತ್ತಿಗೆ ಆದಿಲ್‌ಶಾಹಿ ರಾಜಧಾನಿಯಲ್ಲಿ ಸಿಗುತ್ತಿತ್ತು. ಉತ್ತರದಲ್ಲಿ ಇಂಥದ್ದನ್ನು ನೋಡಿಯೇ ಇರಲಿಲ್ಲ ಎನ್ನುವ ಅಸದ್ ಬೇಗ್ ಒಂದಿಷ್ಟನ್ನು ಕಟ್ಟಿಕೊಂಡ. ಜೊತೆಗೆ ಬಾದಶಹನಿಗೆ ಒಪ್ಪುವಂಥ ಒಂದು ಪೈಪನ್ನೂ ಮಾಡಿಸಿದ. ಅದರ ವಿವರ ಕೇಳಬೇಕು. ಮೂರು ಮೊಳ ಉದ್ದದ ಕೊಳವೆ ಸುಮಾತ್ರಾ ದ್ವೀಪದ ಅಚೆಯಿಂದ ಬಂದದ್ದು, ಎರಡು ತುದಿಗೂ ರತ್ನದ ಕೆಲಸ. ಬಾಯಿಗಿಡುವ ತುದಿಗೆ ಯೆಮೆನ್ ದೇಶದ ಕೆಂಪು ಅಕೀಕು ಕಲ್ಲು. ಕೆಂಡ ಕೂರುವ ಬಟ್ಟಲು ಬಂಗಾರದ್ದು. ಸೊಪ್ಪು ತುಂಬಲು ಆದಿಲ್ ಶಾಹ ಕೊಟ್ಟಿದ್ದ ಎಲೆಅಡಿಕೆ ಚೀಲ.

ಆಗ್ರಾದಲ್ಲಿ ತಟ್ಟೆಯಲ್ಲಿಟ್ಟ ಈ ಸಾಮಾನು ಅಕ್ಬರನ ಕಣ್ಣಿಗೆ ಬಿತ್ತು. ಇದೇನು ಎಂದ. ಮೆಕ್ಕಾ ಮದೀನಾಗಳಲ್ಲಿ ಎಲ್ಲರಿಗೂ ಗೊತ್ತಿರುವ ತಂಬಾಕು ಎಂದು ಖಾನ್-ಎ-ಆಜಂ ಎಂಬ ಸರದಾರ ಹೇಳಿದ. ಹಕೀಮ ಬೇಡ ಬೇಡ ಎಂದ. ಬಾದಶಹ ಎರಡು ಮೂರು ದಮ್ಮು ಎಳೆದ, ಅಲ್ಲಿಗೆ ಬಿಟ್ಟ. ಆದರೆ ಸರದಾರರು ಬಿಡಲಿಲ್ಲ. ಅಸದ್ ಬೇಗನನ್ನು ಕಾಡಿ ಬೇಡಿ ಈಸಿಕೊಂಡರು, ವ್ಯಾಪಾರಿಗಳು ತರಿಸಿ ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧ ಹಾಕುವಷ್ಟರ ಮಟ್ಟಿಗೆ ಅದು ಹರಡಿತ್ತು. ಅಕ್ಬರನ ಆಸ್ಥಾನದ ಹಕೀಮ ಅಬುಲ್ ಫತ್ ಗಿಲಾನಿ ಹುಕ್ಕಾ ಕಂಡುಹಿಡಿದ ಎಂದು ಎಲ್ಲರೂ ಬರೆಯುತ್ತಾರೆ. ಆತ ತೀರಿಕೊಂಡದ್ದು 1589ರಲ್ಲಿ. ಅಸದ್ ಬೇಗನ ತಟ್ಟೆ ಆಗ್ರಾ ಮುಟ್ಟುವ ಹೊತ್ತಿಗೆ ಆತನಿಲ್ಲದೆ ಹದಿನಾಲ್ಕು ಹದಿನೈದು ವರ್ಷವಾಗಿತ್ತು. ಈ ಲೆಕ್ಕ ಕೂಡಿಬರುವುದಿಲ್ಲ, ನಾನು ನಂಬುವುದಿಲ್ಲ.

ನನ್ನ ಕಣ್ಣು ಕಸುಬಿನ ಕಣ್ಣು. ಅಸದ್ ಬೇಗನ ಪೈಪಿನಲ್ಲಿ ನನಗೆ ಕಂಡದ್ದು ರತ್ನವಲ್ಲ, ಕೆಲಸದ ಹಂಚಿಕೆ. ಬೆಂಕಿಗೆ ಲೋಹ, ಹೊಗೆಗೆ ಕೊಳವೆ, ತುಟಿಗೆ ಕಲ್ಲು. ಮುಂದೆ ನಾನೂರು ವರ್ಷ ನಮ್ಮಲ್ಲಿ ನಡೆದದ್ದೂ ಇದೇ ಹಂಚಿಕೆ. ಗುಡುಗುಡಿಯನ್ನು ನೋಡಿ. ಮೇಲೆ ಕೆಂಡದ ಚಿಲುಮೆ ಮಣ್ಣಿನದು, ಕುಂಬಾರ ಮಾಡಿದ್ದು. ನಡುವೆ ಕಡೆದ ಮರದ ನಳಿಕೆ. ಕೆಳಗೆ ನೀರಿನ ಬುರುಡೆ. ಬಡವನಿಗೆ ತೆಂಗಿನ ಚಿಪ್ಪು, ಉಳ್ಳವನಿಗೆ ಹಿತ್ತಾಳೆ, ಸರದಾರನಿಗೆ ಬಿದರಿ.

ಬಿದರಿಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಅದು ನನ್ನ ಎರಕದ ಕಸುಬಿನ ನೆಂಟ. ಇವತ್ತು ಬೀದರಿನಲ್ಲಿ ಹೂದಾನಿ, ಕೀ ಚೈನು ಮಾರುತ್ತಾರೆ. ಆದರೆ 17 ಮತ್ತು 18ನೇ ಶತಮಾನದಲ್ಲಿ ಈ ಕಲೆಯ ದೊಡ್ಡ ಗಿರಾಕಿ ಹುಕ್ಕಾ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಗಳಲ್ಲಿ ಕೂತಿರುವ ಹಳೆಯ ಬಿದರಿ ಸಾಮಾನುಗಳಲ್ಲಿ ಹುಕ್ಕಾದ ಬುರುಡೆಗಳಿಗೆ ಮೊದಲ ಸ್ಥಾನ. ಮೊದಲಿನವು ಚೆಂಡಿನಂತೆ ಗುಂಡಗೆ. ಉರುಳದಂತೆ ಕೆಳಗೆ ಸಿಂಬಿ ಇಡಬೇಕಿತ್ತು. ಆಮೇಲಿನವು ಗಂಟೆಯಾಕಾರ, ತಾವೇ ನಿಲ್ಲುತ್ತವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಮೈಗೆ ಮೈಲುತುತ್ತದ ನೀರು ಸವರಿ ಕಪ್ಪಗೆ ಮಾಡಿ, ಉಳಿಯಲ್ಲಿ ಗೆರೆ ಕೊರೆದು, ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ಕಲಸಿ ಉಜ್ಜಿದರೆ ಸತು ಕಾಡಿಗೆಯಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಂದು ಹುಕ್ಕಾದ ಬುರುಡೆಗೆ ಇಷ್ಟು ಬುದ್ಧಿ ಖರ್ಚು ಮಾಡಿದ ಜನ, ಕೆಂಡ ಕೂರುವ ಬಟ್ಟಲನ್ನು ಮಾತ್ರ ಮಣ್ಣಿಗೋ ಲೋಹಕ್ಕೋ ಬಿಟ್ಟರು. ಮರವನ್ನು ಬೆಂಕಿಯ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಫೌಂಡ್ರಿಯಲ್ಲೂ ನಮ್ಮ ಮೊದಲ ಪಾಠ ಅದೇ. ತೇಗದಲ್ಲಿ ಮಾದರಿ ಮಾಡುತ್ತೇವೆ. ಬೀಡು ಕಬ್ಬಿಣ ಆರುವಾಗ ಕುಗ್ಗುತ್ತದೆಂದು ಅಡಿಗೆ ಎಂಟನೇ ಒಂದು ಅಂಗುಲ ಹೆಚ್ಚು ಬಿಡುತ್ತೇವೆ. ಮರಳಿನಿಂದ ಸಲೀಸಾಗಿ ಮೇಲೇಳಲಿ ಎಂದು ಬದಿಗಳಿಗೆ ಸ್ವಲ್ಪ ಓರೆ ಕೊಡುತ್ತೇವೆ. ಮಾದರಿ ಮರಳಿನಲ್ಲಿ ತನ್ನ ಗುರುತು ಬಿಟ್ಟು ಎದ್ದುಹೋದ ಮೇಲೆಯೇ ಕರಗಿದ ಲೋಹ ಬರುವುದು. ಬೆಂಕಿ ಬರುವ ಮುಂಚೆ ಮರ ಜಾಗ ಖಾಲಿ ಮಾಡಬೇಕು.

ಯುರೋಪಿನವರೂ ಬಹಳ ಕಾಲ ಮರಕ್ಕೆ ಬೆಂಕಿ ಮುಟ್ಟಿಸಲು ಹಿಂಜರಿದರು. ಹಾಲೆಂಡಿನ ಖೌಡಾದಲ್ಲಿ ಬಿಳಿ ಜೇಡಿಮಣ್ಣಿನ ಪೈಪುಗಳು. ತುರ್ಕಿಯ ಎಸ್ಕಿಶೆಹಿರ್‌ನಲ್ಲಿ ಅಗೆದ ಮೀರ್‌ಶಾಮ್ ಎಂಬ ಹಗುರ ಬಿಳಿ ಕಲ್ಲನ್ನು ವಿಯೆನ್ನಾದಲ್ಲಿ ಕೆತ್ತುತ್ತಿದ್ದರು. ಜರ್ಮನಿಯ ಉಲ್ಮ್ ಊರಿನವರು ಗಂಟುಮರದಲ್ಲಿ ಕೆತ್ತಿದ್ದುಂಟು, ಆದರೆ ಅದು ಒಂದು ಸೀಮೆಗೆ ನಿಂತಿತು. ಬದಲಾದದ್ದು 1850ರ ದಶಕದಲ್ಲಿ, ಸ್ಯಾಂ-ಕ್ಲೋದ್‌ನಲ್ಲಿ.

ಅದು ಒಬ್ಬ ಸಂತನ ಸಮಾಧಿಗೆ ಯಾತ್ರಿಕರು ಬರುತ್ತಿದ್ದ ಊರು. ಯಾತ್ರಿಕರಿಗೆ ಮಾರಲು ಊರಿನವರು ಬಾಕ್ಸ್‌ವುಡ್ ಮರದಲ್ಲಿ ಜಪಮಣಿ, ಆಟಿಕೆ, ನಶ್ಯದ ಡಬ್ಬಿ ಕಡೆಯುತ್ತಿದ್ದರು. ಎಷ್ಟೋ ತಲೆಮಾರು ಮರ ಕಡೆದು ಕೈ ಪಳಗಿತ್ತು, ಲೇತುಗಳಿದ್ದವು, ವ್ಯಾಪಾರದ ದಾರಿ ತಿಳಿದಿತ್ತು. ಅಲ್ಲಿಗೆ ಮೆಡಿಟರೇನಿಯನ್ ಕರಾವಳಿಯಿಂದ ಒಂದು ಹೊಸ ಮರ ಬಂತು: ಬ್ರಯರ್. ಸಸ್ಯಶಾಸ್ತ್ರದವರು ಎರಿಕಾ ಆರ್ಬೋರಿಯಾ ಎನ್ನುವ, ಬಿಳಿ ಹೂ ಬಿಡುವ ಪೊದೆ. ಕಾರ್ಸಿಕಾ, ಇಟಲಿಯ ಕಲಾಬ್ರಿಯಾ, ಅಲ್ಜೀರಿಯಾ, ಗ್ರೀಸುಗಳ ಒಣ ಗುಡ್ಡಗಳಲ್ಲಿ ಬೆಳೆಯುತ್ತದೆ. ಕಾಂಡ ಬೇರು ಸೇರುವ ಕಡೆ ನೆಲದೊಳಗೆ ಒಂದು ಗಟ್ಟಿ ಗಂಟು ಕಟ್ಟುತ್ತದೆ. ಕಾಡ್ಗಿಚ್ಚಿಗೆ ಮೇಲಿನ ಪೊದೆ ಬೂದಿಯಾದರೂ ಗಂಟು ಉಳಿದು ಅಲ್ಲಿಂದ ಮತ್ತೆ ಚಿಗುರುತ್ತದೆ. ನಾನು ಹುಡುಕುತ್ತಿದ್ದ ಉತ್ತರ ಇಲ್ಲಿದೆ. ಬೆಂಕಿಯ ನಡುವೆ ಬದುಕಲು ತಯಾರಾದ ಮರವದು. ಎಳೆಗಳು ಒತ್ತೊತ್ತಾಗಿ ಹೆಣೆದಿರುತ್ತವೆ, ಬೇಗ ಸೀಳುವುದಿಲ್ಲ. ಸೇದುತ್ತ ಸೇದುತ್ತ ಬಟ್ಟಲಿನ ಒಳಗೆ ಕಟ್ಟುವ ಇದ್ದಿಲಿನ ಪದರ ಮರವನ್ನು ಇನ್ನಷ್ಟು ಕಾಯುತ್ತದೆ.

ಆ ಗಂಟನ್ನು ಅಗೆದವರು ಒಣಗಲು ಬಿಡದೆ ಒದ್ದೆಯಾಗಿಯೇ ಇಟ್ಟುಕೊಳ್ಳಬೇಕು. ಬಿಸಿಲು ಬಿದ್ದರೆ ಸೀಳುತ್ತದೆ. ಸಾಮಿಲ್ಲಿನಲ್ಲಿ ತುಂಡು ಮಾಡಿ ದೊಡ್ಡ ಹಂಡೆಗಳಲ್ಲಿ ಸುಮಾರು ಹನ್ನೆರಡು ಗಂಟೆ ಕುದಿಸುತ್ತಾರೆ. ಒಗರು, ರಸ ಎಲ್ಲ ಬಿಟ್ಟು ನೀರು ಕೆಂಪಾಗುತ್ತದೆ. ಆಮೇಲೆ ನೆರಳಿನಲ್ಲಿ ತಿಂಗಳುಗಟ್ಟಲೆ ಆರಬೇಕು. ಇಷ್ಟಾದ ಮೇಲಷ್ಟೇ ಅದು ಪೈಪಿನ ತುಂಡು. ಬಾಯಿಗಿಡುವ ಕೊಳವೆಗೆ ಕೊಂಬಿನ ಬದಲು ಎಬೊನೈಟ್ ಬಂತು, ಗಂಧಕ ಹಾಕಿ ಬೇಯಿಸಿದ ಗಟ್ಟಿ ರಬ್ಬರ್. ಮರ ಒಂದು ಕಡೆಯದು, ರಬ್ಬರ್ ಇನ್ನೊಂದು ಕಡೆಯದು, ಸೇದುವವರು ಜಗತ್ತಿನ ಎಲ್ಲ ಕಡೆಯವರು. ಸ್ಯಾಂ-ಕ್ಲೋದ್‌ನವರ ಹತ್ತಿರ ಇದ್ದದ್ದು ಲೇತು ಮತ್ತು ಕೈ ಅಷ್ಟೇ.

ಅಮೆರಿಕದಲ್ಲಿರುವ ಅಳಿಯ ಬರುವಾಗ "ಏನು ತರಲಿ ಮಾವ" ಎಂದು ಕೇಳಿದ. ಬ್ರಯರ್ ತುಂಡು ತಾ ಎಂದೆ. ಚಾಕೊಲೇಟಿನ ಪೆಟ್ಟಿಗೆಯ ನಡುವೆ ಇಟ್ಟುಕೊಂಡು ತಂದ. "ಮನೇಲಿ ಒಬ್ಬರೂ ಸೇದಲ್ಲ, ಇದ್ಯಾತಕ್ಕೆ ಸುಂಕ ಕಟ್ಟೋ ಕೆಲಸ" ಎಂದು ನನ್ನವಳು ಗೊಣಗಿದಳು. ಮೂರು ಬೆರಳು ದಪ್ಪದ, ಕೆಂಚು ಬಣ್ಣದ, ಕೈಗೆ ಭಾರವೆನಿಸುವ ತುಂಡು. ಒಂದು ಮುಖ ಒದ್ದೆ ಮಾಡಿ ನೋಡಿದೆ. ಬದಿಯಲ್ಲಿ ಎಳೆಗಳು ನೇರ ಓಡಿವೆ, ಅಡ್ಡ ಕೊಯ್ದ ಮುಖದಲ್ಲಿ ಸಾವಿರಾರು ಸಣ್ಣ ಚುಕ್ಕಿ. ಹಳೆ ತೇಗದ ಚೇಗು ನೋಡಿದವನಿಗೂ ಬೆರಗಾಗುತ್ತದೆ.

ಶುರು ಮಾಡುವವರು ಮೊದಲು ಉಳಿ ಎತ್ತಬಾರದು. ಮೊದಲು ಪೆನ್ಸಿಲ್. ಬದಿಯ ಚಿತ್ರವನ್ನು ತುಂಡಿನ ಮೇಲೇ ಬರೆಯಬೇಕು: ಬಟ್ಟಲು, ಹಿಡಿ, ಒಳಗಿನ ದಾರಿ. ಆಮೇಲೆ ಡ್ರಿಲ್, ಕೆತ್ತನೆ ಕೊನೆಗೆ. ತುಂಡು ಚೌಕವಾಗಿರುವಾಗಲೇ ವೈಸಿನಲ್ಲಿ ಅಲುಗಾಡದೆ ಕೂರುತ್ತದೆ. ದುಂಡಗೆ ಕೆತ್ತಿ ಆಮೇಲೆ ತೂತು ಕೊರೆಯಲು ಹೋದರೆ ಹಿಡಿಯಲು ಮೂಲೆಯೇ ಇರುವುದಿಲ್ಲ. ಬಟ್ಟಲಿಗೆ ಸುಮಾರು 20 ಮಿ.ಮೀ. ಅಗಲದ ತೂತು, ತಳ ಚಪ್ಪಟೆಯಾಗಿರಬಾರದು, ಗುಂಡಾಗಬೇಕು. ಅದಕ್ಕೆ ಎಸ್.ಪಿ. ರಸ್ತೆಯಿಂದ ತಂದ ಚಪ್ಪಟೆ ಬಿಟ್ಟನ್ನು ಸಾಣೆಯಲ್ಲಿ ತಿದ್ದಿಕೊಂಡೆ. ಹೊಗೆಯ ದಾರಿ 4 ಮಿ.ಮೀ. ಇದು ಬಟ್ಟಲಿನ ತಳದ ನಟ್ಟನಡುವೆ ತೆರೆದುಕೊಳ್ಳಬೇಕು. ಮೇಲೆ ತೆರೆದುಕೊಂಡರೆ ಕೆಳಗಿನ ಸೊಪ್ಪು ಉರಿಯುವುದಿಲ್ಲ, ತಳದಲ್ಲಿ ರಸ ನಿಲ್ಲುತ್ತದೆ. ಬಟ್ಟಲಿನ ಗೋಡೆ ಎಲ್ಲೂ 6 ಮಿ.ಮೀ.ಗಿಂತ ತೆಳುವಾಗದಿದ್ದರೆ ಕೈ ಸುಡುವುದಿಲ್ಲ. ಮಿಕ್ಕದ್ದು ಗರಗಸ, ಅರ, ಎಮರಿ ಪೇಪರು, ತಾಳ್ಮೆ. ಒಳಗೆ ವಾರ್ನಿಷ್ ಸೋಕಿಸಲೇಬಾರದು.

ನಮ್ಮ ಮರಗಳಲ್ಲಿ ಆಗುವುದಿಲ್ಲವೇ ಎಂದು ಕೇಳುವವರಿಗೆ: ನೋಡುವುದಕ್ಕೆ ಮಾಡಿ, ಸೇದುವುದಕ್ಕೆ ಬೇಡ. ಸೀಬೆ ಒತ್ತಾದ ಮರ, ಕೆತ್ತಲು ಹಿತ, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಹುಣಸೆಯ ಚೇಗು ಕಲ್ಲಿನಂಥದ್ದು, ಉಳಿಯ ಬಾಯಿ ಹೋಗುತ್ತದೆ. ಬೀಟೆಯ ಬಣ್ಣ ಚೆಂದ, ಆದರೆ ಅದರ ಪುಡಿ ಕೆಲವರ ಚರ್ಮಕ್ಕೂ ಮೂಗಿಗೂ ಆಗದು. ಮುಖಕ್ಕೆ ಬಟ್ಟೆ ಕಟ್ಟದೆ ಮುಟ್ಟಬೇಡಿ. ಬ್ರಯರಿನ ದೂರದ ದಾಯಾದಿ ನಮ್ಮ ಕಡೆಯೂ ಇದೆ: ನೀಲಗಿರಿಯ ನೆತ್ತಿಯಲ್ಲಿ ಕೆಂಪು ಹೂ ಬಿಡುವ ರೋಡೋಡೆಂಡ್ರನ್. ಎರಡೂ ಒಂದೇ ಕುಟುಂಬದವು. ಆದರೆ ರೋಡೋಡೆಂಡ್ರನ್ನಿನ ಎಲೆ, ಮಕರಂದದಲ್ಲಿ ವಿಷವಿರುವುದು ಗೊತ್ತಿರುವ ವಿಷಯ, ಮೇಲಾಗಿ ಅದು ಬೆಳೆಯುವುದು ಕಾಯ್ದ ಕಾಡಿನಲ್ಲಿ. ಅದರ ಆಸೆ ಬಿಡಿ.

ಚನ್ನಪಟ್ಟಣಕ್ಕೂ ಒಂದು ತುಂಡು ಹಿಡಿದುಕೊಂಡು ಹೋದೆ. ಆಲೆ ಮರದಲ್ಲಿ ಬುಗುರಿ ಕಡೆಯುತ್ತಿದ್ದ ವಯಸ್ಸಾದ ಕುಶಲಿಯೊಬ್ಬರ ಕೈಗೆ ಕೊಟ್ಟು, ಇಂಥದ್ದನ್ನು ಕಡೆದು ಬಣ್ಣ ಕೊಡಬಹುದೇ ಎಂದು ಕೇಳಿದೆ. ಅವರು ತಿರುಗುತ್ತಿದ್ದ ಬುಗುರಿಗೆ ಅರಗಿನ ಕಡ್ಡಿ ಒತ್ತಿ ತೋರಿಸಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಮೇಲೆ ಗರಿ ಒತ್ತಿದಾಗ ಹೊಳಪು ಬಂತು.

"ನೋಡಿ ಸಾರ್, ಇಷ್ಟು ಬಿಸಿಗೇ ಕರಗುತ್ತೆ. ನೀವು ಕೆಂಡ ಇಡೋ ಸಾಮಾನಿಗೆ ಅರಗು ಹಾಕು ಅಂತೀರಲ್ಲ!"

ಪುಸ್ತಕಗಳಲ್ಲಿ ಸಿಗದ ಉತ್ತರವನ್ನು ಅವರು ಲೇತಿನ ಮುಂದೆ ಕೂತೇ ಕೊಟ್ಟರು. ಚನ್ನಪಟ್ಟಣದ ಇಡೀ ವಿದ್ಯೆ ನಿಂತಿರುವುದು ಅರಗು ಬಿಸಿಗೆ ಕರಗುವುದರ ಮೇಲೆ. ಆಲೆ ಮರವೂ ಮೆದು, ಹಗುರ, ಬೆಳ್ಳಗಿನದು. ಮಕ್ಕಳ ಕೈಗೆ ಸರಿ, ಕೆಂಡಕ್ಕಲ್ಲ. ಸ್ಯಾಂ-ಕ್ಲೋದ್‌ನವರಂತೆ ಇವರೂ ಆಟಿಕೆ ಕಡೆದವರೇ. ಆದರೆ ಇವರ ಮರ, ಇವರ ಬಣ್ಣ ಎರಡೂ ಬೆಂಕಿಗೆ ವಿರುದ್ಧ ದಿಕ್ಕಿನವು.

ಇನ್ನೊಂದು ಕಾರಣ ನಮ್ಮ ಬಾಯಿಯಲ್ಲೇ ಇದೆ ಎಂದು ನನ್ನ ಅನಿಸಿಕೆ: ಎಂಜಲು. ಬ್ರಯರ್ ಪೈಪು ಒಬ್ಬನದೇ ಸ್ವತ್ತು. ವರ್ಷಗಟ್ಟಲೆ ಅದೇ ತುದಿ ಹಲ್ಲಿನ ನಡುವೆ, ಅದೇ ಬಟ್ಟಲಿನಲ್ಲಿ ಹಳೆಯ ಇದ್ದಿಲು. ತೊಳೆಯುವ ಹಾಗಿಲ್ಲ, ತೊಳೆದರೆ ಮರ ಕೆಡುತ್ತದೆ. ಕಚ್ಚಿದ ಹಣ್ಣನ್ನು ಇನ್ನೊಬ್ಬರಿಗೆ ಕೊಡದ, ಲೋಟ ಎತ್ತಿ ನೀರು ಹೊಯ್ದುಕೊಳ್ಳುವ ಮನೆಗಳಲ್ಲಿ ಇಂಥ ಸಾಮಾನು ನಡೆಯುವುದು ಕಷ್ಟ. ಮಣ್ಣಿನ ಚಿಲುಮೆಯಾದರೆ ಮುಷ್ಟಿ ಕಟ್ಟಿ ತುಟಿ ತಾಗದಂತೆ ಎಳೆಯಬಹುದು, ಒಡೆದರೆ ಸಂತೆಯಲ್ಲಿ ಇನ್ನೊಂದು. ಸೇದುವುದೇ ಬೇಡವೆಂದವರಿಗೆ ನಶ್ಯ ಇತ್ತು. ನಮ್ಮ ತಾತನ ಪಂಚೆಯ ಮಡಿಕೆಯಲ್ಲಿ ಆ ಡಬ್ಬಿ ಸದಾ ಇರುತ್ತಿತ್ತು. ಕೊನೆಗೆ ಗೆದ್ದದ್ದು ಬೀಡಿ. ನಿಪ್ಪಾಣಿಯ ಸೊಪ್ಪು, ತುಪ್ರದ ಎಲೆ, ಕರಾವಳಿಯ ಹೆಂಗಸರ ಬೆರಳು. ಸೇದಿ ಎಸೆದರೆ ಮುಗಿಯಿತು, ಎಂಜಲೂ ಇಲ್ಲ, ಸಾಮಾನೂ ಇಲ್ಲ.

ಬ್ರಯರ್ ಪೈಪು ಬೆಂಗಳೂರಿಗೆ ಬಂದದ್ದು ದಂಡಿನ ಅಧಿಕಾರಿಗಳ ಕೋಟಿನ ಜೇಬಿನಲ್ಲಿ. 1809ರಲ್ಲಿ ಹುಟ್ಟಿದ ದಂಡುಪ್ರದೇಶದಲ್ಲಿ ಅದಕ್ಕೆ ಕ್ಲಬ್ಬಿತ್ತು, ವರಾಂಡವಿತ್ತು, ಬೆತ್ತದ ಕುರ್ಚಿಯಿತ್ತು. ಲಾಲ್‌ಬಾಗಿನ ಈಚೆಗೆ ಆಗ ಸಿದ್ದಾಪುರ, ಬೈರಸಂದ್ರ, ಯಡಿಯೂರು, ಸಾರಕ್ಕಿಯಂಥ ಹಳ್ಳಿಗಳು, ರಾಗಿ ಹೊಲ, ಕೆರೆ. 1910ರ ದಶಕದಲ್ಲಿ ಫ್ರೇಜರ್ ಟೌನ್ ಕಡೆ ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಸಿಗರೇಟ್ ಕಾರ್ಖಾನೆ ಎದ್ದಮೇಲೆ ಪೈಪಿಗೆ ಉಳಿದದ್ದು ಗತ್ತು ಮಾತ್ರ. 1948ರಲ್ಲಿ ರಾಜಾಜಿ ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದಾಗ ಇಲ್ಲಿಗೆ ಮನೆ ಕಟ್ಟಿಕೊಂಡು ಬಂದ ಗುಮಾಸ್ತರು, ಮೇಷ್ಟರು ಪೈಪಿನ ಜನವಲ್ಲ. ಪೈಪು ಹಿಡಿದ ಕನ್ನಡಿಗನನ್ನು ನಾನು ಹೆಚ್ಚಾಗಿ ಕಂಡದ್ದು ಸಿನಿಮಾದಲ್ಲಿ. ಅವನು ಸಾಮಾನ್ಯವಾಗಿ ರೇಷ್ಮೆ ಗೌನು ತೊಟ್ಟು ಮೆಟ್ಟಿಲಿಳಿದು ಬರುವ, ಮಗಳ ಪ್ರೇಮಕ್ಕೆ ಅಡ್ಡಿಯಾಗುವ ಅಪ್ಪ.

ಇದನ್ನೆಲ್ಲ ಬರೆಯುವಾಗ ಒಂದು ಮಾತು ಬಿಡುವಂತಿಲ್ಲ. ಜಯನಗರದಿಂದ ಹೊಸೂರು ರಸ್ತೆಗೆ ಹೋದರೆ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಅದರ ಗೇಟಿನ ಮುಂದೆ ಬಾಯಿಗೆ ಟವೆಲ್ ಅಡ್ಡ ಹಿಡಿದು ಕೂತ ರೈತರನ್ನು ನೋಡಿದವನು ಹೊಗೆಸೊಪ್ಪನ್ನು ಹೊಗಳಲಾರ. ಜರ್ಮನಿಯ ವೈದ್ಯ ಸೋಮರಿಂಗ್ 1795ರಲ್ಲೇ ಪೈಪು ಸೇದುವವರಲ್ಲಿ ತುಟಿಯ ಹುಣ್ಣು ಕ್ಯಾನ್ಸರಾಗುವುದನ್ನು ಗುರುತಿಸಿದ್ದ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗಗಳಲ್ಲಿ ಸೇದುವಂತಿಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಹುಕ್ಕಾವನ್ನೇ ನಿಷೇಧಿಸಿತು. ಹುಕ್ಕಾ ಬಾರುಗಳ ಬೋರ್ಡು ಇಳಿಯಿತು. ಇಳಿದದ್ದಕ್ಕೆ ನನಗೇನೂ ಬೇಜಾರಿಲ್ಲ.

ಬೇಜಾರಿರುವುದು ಬೇರೆಯದಕ್ಕೆ. ಸೇದುವುದು ನಿಂತ ಮನೆಗಳಿಂದ ಸೇದುವ ಸಾಮಾನು ಗುಜರಿಗೆ ಹೋಗುತ್ತಿದೆ. ಕಡೆದ ಮರದ ನಳಿಕೆ, ಚಿಪ್ಪಿನ ಬುರುಡೆ, ಕುಂಬಾರನ ಹೆಬ್ಬೆರಳಿನ ಗುರುತಿರುವ ಚಿಲುಮೆ, ನಶ್ಯದ ಡಬ್ಬಿ ಎಲ್ಲ ತೂಕಕ್ಕೆ ಹೋಗುತ್ತವೆ. ಬಿದರಿ ಬುರುಡೆಗಳನ್ನು ಲಂಡನ್ನಿನವರು ಕಾಪಾಡಿಕೊಂಡಿದ್ದಾರೆ, ಸರಿ. ಸಾರಕ್ಕಿಯ ರೈತನ ಗುಡುಗುಡಿಯನ್ನು ಯಾರು ಕಾಪಾಡುತ್ತಾರೆ? ನಿಮ್ಮ ಅಟ್ಟದಲ್ಲಿ ಅಂಥದ್ದೇನಾದರೂ ಇದ್ದರೆ ಉಜ್ಜಿ ಹೊಳಪು ಮಾಡಬೇಡಿ, ಒಳಗಿನ ಕಿಟ್ಟವನ್ನೂ ತೆಗೆಯಬೇಡಿ. ಯಾರದು, ಯಾವ ಊರಿನದು, ಯಾರು ಕಡೆದುಕೊಟ್ಟದ್ದು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಕಟ್ಟಿ. ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ಗುಜರಿಯವನಿಗೆ ಕೊಡಬೇಡಿ, ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲೇ ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಲ್ಲಿ ಒಮ್ಮೆ ವಿಚಾರಿಸಿ.